ಕೊರಿಯಾದ ಗ್ಯೊಂಗ್ಜುನಲ್ಲಿ ಶೃಂಗಸಭೆ ಆಯ್ತು, ನಮ್ಮ ವಿಜಯಪುರದಲ್ಲಿ ಯಾಕಾಗಬಾರದು?

ಗುಮ್ಮಟದ_ನೆರಳು (ವಿಜಯಪುರ)

ನನ್ನ ತಮ್ಮ ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿಂದ ಹತ್ತಿರದಲ್ಲೇ ಗ್ಯೊಂಗ್ಜು ಅಂತ ಒಂದು ಊರಿದೆ. ರಜೆ ಇದ್ದಾಗ ಹೋಗಿ ಬಂದು ಫೋನ್ ಮಾಡಿದ. "ಅಣ್ಣಾ, ಈ ಊರಲ್ಲಿ ತಿರುಗಾಡಿದರೆ ನಮ್ಮೂರೇ ನೆನಪಾಗುತ್ತೆ" ಅಂದ. ಶಿಲ್ಲಾ ಅರಸರ ಹಳೇ ರಾಜಧಾನಿ ಅದು. ಊರ ನಡುವೆ ಹುಲ್ಲು ಬೆಳೆದ ದೊಡ್ಡ ದೊಡ್ಡ ದಿಬ್ಬಗಳಿವೆ, ಅವೆಲ್ಲ ರಾಜರ ಗೋರಿಗಳು. ಗೋರಿ ದಾಟಿದರೆ ಅಂಗಡಿ, ಅಂಗಡಿ ದಾಟಿದರೆ ಇನ್ನೊಂದು ಗೋರಿ. ಜನಸಂಖ್ಯೆ ಎರಡೂವರೆ ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲೇ ನಮ್ಮ ವಿಜಯಪುರ 3.27 ಲಕ್ಷ ಇತ್ತು.

ಅಂಥ ಊರಲ್ಲಿ 2025ರ ಅಕ್ಟೋಬರ್ 31 ಮತ್ತು ನವೆಂಬರ್ 1ರಂದು ಏಪೆಕ್ (ಏಷ್ಯಾ-ಪೆಸಿಫಿಕ್ ಆರ್ಥಿಕ ಸಹಕಾರ ಕೂಟ) ಶೃಂಗಸಭೆ ನಡೀತು. ಷಿ ಜಿನ್‌ಪಿಂಗ್ ಬಂದಿದ್ದರು. ಟ್ರಂಪ್ ಸಭೆಗೆ ಮೊದಲೇ ಬಂದು ಹೋದರು. ಇಂಚೆಯಾನ್, ಜೇಜು ಎರಡನ್ನೂ ಬಿಟ್ಟು ಈ ಊರನ್ನು ಆರಿಸಿದ್ದು 2024ರ ಜೂನ್‌ನಲ್ಲಿ. ಸಿಕ್ಕಿದ್ದು ಹದಿನಾರು ತಿಂಗಳು. ಅದರಲ್ಲೂ ನಡುವೆ ಅವರ ದೇಶದಲ್ಲಿ ಮಾರ್ಷಲ್ ಲಾ, ಅಧ್ಯಕ್ಷರ ಪದಚ್ಯುತಿ, ಹೊಸ ಚುನಾವಣೆ.

ನನ್ನ ಪ್ರಶ್ನೆ ಇಷ್ಟೇ. ನಮಗೆ ಗೋಲಗುಂಬಜ್ ಇದೆ, ಇಬ್ರಾಹಿಂ ರೋಜಾ ಇದೆ, ಬಾರಾಕಮಾನ್ ಇದೆ. ಅವರಿಗೆ ಆಗಿದ್ದು ನಮಗೆ ಯಾಕೆ ಆಗಲ್ಲ? ತಮಾಷೆಗೆ ಕೇಳುತ್ತಿಲ್ಲ.

ಟಾಂಗಾ_ಸ್ಟ್ಯಾಂಡ್ (ವಿಜಯಪುರ)

ಮೊದಲು ನಮ್ಮ ಓಣಿಗೆ ನೀರು ಬರಲಿ, ಆಮೇಲೆ ಟ್ರಂಪ್ ಬರಲಿ.

ಕರದಂಟು_ಪ್ರೇಮಿ (ಬಾಗಲಕೋಟೆ)

ಭಾರತ ಏಪೆಕ್ ಸದಸ್ಯ ಅಲ್ವಾ? ಹಾಗಿದ್ದರೆ ನಮ್ಮಲ್ಲಿ ಒಂದು ಸಲ ಆಗಲೇಬೇಕಲ್ಲ.

ಶಹಾಪುರ_ಪೇಟೆ (ಬೆಳಗಾವಿ)

ಅಲ್ಲ ರೀ. ಏಪೆಕ್‌ನಲ್ಲಿ 21 ಸದಸ್ಯರಿದ್ದಾರೆ, ಭಾರತ ಅದರಲ್ಲಿಲ್ಲ. ಅದು ಪೆಸಿಫಿಕ್ ಸಾಗರದ ಸುತ್ತಲಿನವರ ಕೂಟ. ನಾವಿರುವುದು ಜಿ20ರಲ್ಲಿ. ಅದರ ಶೃಂಗಸಭೆ 2023ರ ಸೆಪ್ಟೆಂಬರ್ 9 ಮತ್ತು 10ರಂದು ದೆಹಲಿಯ ಭಾರತ ಮಂಟಪದಲ್ಲಿ ಆಯ್ತು. ಅದಕ್ಕೂ ಮುಂಚೆ ಜುಲೈನಲ್ಲಿ ನಮ್ಮ ಹಂಪಿಯಲ್ಲೂ ಸಭೆಗಳಾದವು. ಮೊದಲು ಸಂಸ್ಕೃತಿ ಗುಂಪು, ಹಿಂದೆಯೇ ಶೆರ್ಪಾಗಳ, ಅಂದರೆ ನಾಯಕರ ಪರವಾಗಿ ಮೊದಲೇ ಮಾತುಕತೆ ನಡೆಸುವವರ ಸಭೆ. ಹಂಪಿಯಲ್ಲಿ ಆಗುವುದಾದರೆ ವಿಜಯಪುರದಲ್ಲೂ ಆಗಬಹುದು. ಆದರೆ ಶೆರ್ಪಾ ಸಭೆಗೆ ಬರುವವರು ಅಧಿಕಾರಿಗಳು. ರಾಷ್ಟ್ರಾಧ್ಯಕ್ಷರು ಬರುವುದು ಬೇರೆಯದೇ ಲೆಕ್ಕ.

ಪಿಸುಮಾತು_ಗ್ಯಾಲರಿ (ವಿಜಯಪುರ)

ಗೋಲಗುಂಬಜ್‌ನಲ್ಲಿ ಮಾತ್ರ ಬ್ಯಾಡ್ರೀ. ಒಬ್ಬರು ಈ ಕಡೆ ಗೋಡೆಗೆ ಬಾಯಿ ಹಚ್ಚಿ "ಸುಂಕ ಏರಿಸೋಣ" ಅಂದರೆ ಆ ಕಡೆಯವರಿಗೆ ಏಳು ಸಲ ಕೇಳುತ್ತೆ. ಗುಟ್ಟು ಎಲ್ಲಿ ಉಳಿಯುತ್ತೆ?

ಟಾಂಗಾ_ಸ್ಟ್ಯಾಂಡ್

ಶಾಲೆ ಮಕ್ಕಳ ಟ್ರಿಪ್ ಬಂದಿದ್ದ ದಿನ ಸಭೆ ಇಟ್ಟರೆ ಆಯ್ತು. ಯಾರ ಮಾತೂ ಯಾರಿಗೂ ಕೇಳಲ್ಲ.

ಬಸ್ತವಾಡ_ಬಸ್‌ಸ್ಟಾಪ್ (ಬೆಳಗಾವಿ)

ಬೆಳಗಾವಿಯವನಾಗಿ ಅನುಭವದ ಮಾತು ಹೇಳುತ್ತೀನಿ. ನಮಗೆ ಹೆಚ್ಚುಕಮ್ಮಿ ವರ್ಷಕ್ಕೊಂದು ಶೃಂಗಸಭೆ ಡಿಸೆಂಬರ್ ಹೊತ್ತಿಗೆ ಆಗುತ್ತೆ, ಅದರ ಹೆಸರು ಚಳಿಗಾಲದ ಅಧಿವೇಶನ. 2012ರ ಅಕ್ಟೋಬರ್‌ನಲ್ಲಿ ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಸುವರ್ಣ ವಿಧಾನಸೌಧ ಉದ್ಘಾಟನೆ ಮಾಡಿದಾಗ ನಮ್ಮ ಖುಷಿ ಹೇಳತೀರದು. ಆಮೇಲೆ ಗೊತ್ತಾಯ್ತು ಅದರ ಬಾಡಿಗೆ ಯಾರು ಕೊಡುತ್ತಾರೆ ಅಂತ.

ನನ್ನ ತಂಗಿ ಮದುವೆ ಡಿಸೆಂಬರ್ ಎರಡನೇ ವಾರ ಇತ್ತು. ಬೀಗರಿಗೆ ಅಂತ ಮೂರು ತಿಂಗಳ ಮುಂಚೆ ಒಂದು ಲಾಡ್ಜಿನಲ್ಲಿ ಎಂಟು ರೂಮು ಹೇಳಿ, ಅಡ್ವಾನ್ಸ್ ಕೊಟ್ಟು ಚೀಟಿ ತಗೊಂಡಿದ್ದೆ. ಮದುವೆಗೆ ಐದು ದಿನ ಇದೆ ಅನ್ನುವಾಗ ಮ್ಯಾನೇಜರ್ ಫೋನು. "ಸರ್, ಅಧಿವೇಶನಕ್ಕೆ ರೂಮೆಲ್ಲ ತಗೊಂಡುಬಿಟ್ಟರು, ನಿಮ್ಮ ಅಡ್ವಾನ್ಸ್ ವಾಪಸ್ ಕೊಡ್ತೀನಿ." ಹುಬ್ಬಳ್ಳಿಯಿಂದ ಬಂದ ಬೀಗರನ್ನು ನಮ್ಮ ಕಾಕಾನ ಮನೆ ಮಾಳಿಗೆ ಮೇಲೆ ಮಲಗಿಸಿದೆವು. ಡಿಸೆಂಬರ್ ಥಂಡಿ ನಿಮಗೆ ಗೊತ್ತಲ್ಲ. ಹುಡುಗನ ಸೋದರಮಾವ ಇವತ್ತಿಗೂ ಸಿಕ್ಕಾಗೆಲ್ಲ "ನಿಮ್ಮೂರಿಗೆ ಬಂದರೆ ರಗ್ಗು ನಾವೇ ತರಬೇಕೇನ್ರೀ" ಅಂತ ಕೇಳುತ್ತಾರೆ.

ಹತ್ತು ದಿನದ ಅಧಿವೇಶನಕ್ಕೇ ಹೀಗೆ. ಒಬ್ಬೊಬ್ಬ ರಾಷ್ಟ್ರಾಧ್ಯಕ್ಷರಿಗೆ ಒಂದೊಂದು ಹೋಟೆಲ್ ಬೇಕು ಅಂದರೆ ವಿಜಯಪುರದಲ್ಲಿ ಎಲ್ಲಿಂದ ತರ್ತೀರಿ?

ಗುಮ್ಮಟದ_ನೆರಳು

ರೂಮಿನ ತಾಪತ್ರಯ ಗ್ಯೊಂಗ್ಜುಗೂ ಇತ್ತು. ಉದ್ಯಮಿಗಳಿಗೆ ಸಾಲದೆ ಪಕ್ಕದ ಪೋಹಾಂಗ್ ಬಂದರಿನಲ್ಲಿ ಪ್ರವಾಸಿ ಹಡಗುಗಳನ್ನು ನಿಲ್ಲಿಸಿ ಅದನ್ನೇ ಹೋಟೆಲ್ ಮಾಡಿದರು.

ಟಾಂಗಾ_ಸ್ಟ್ಯಾಂಡ್

ನಾವು ಭೂತನಾಳ ಕೆರೆಯಲ್ಲಿ ಹಡಗು ನಿಲ್ಲಿಸೋಣ.

ನವನಗರ_ಸೆಕ್ಟರ್ (ಬಾಗಲಕೋಟೆ)

ಆಲಮಟ್ಟಿ ಹಿನ್ನೀರು ಇರುವಾಗ ಭೂತನಾಳ ಯಾಕೆ? ಬರ್ರಿ ಬಾಗಲಕೋಟೆಗೆ. ನಮ್ಮ ಅರ್ಧ ಊರು ಆ ನೀರಿನ ಕೆಳಗೇ ಇದೆ. ಅದರ ಮೇಲೆ ಹಡಗು ನಿಲ್ಲಿಸಿದರೆ ನಮ್ಮ ಹಳೇ ಮನೆ ಎಲ್ಲಿತ್ತು ಅಂತ ನಾನೇ ಬಂದು ತೋರಿಸುತ್ತೀನಿ.

ಇನ್ನೊಂದು ಮಾತು. ಯುನೆಸ್ಕೊ ಹೆಸರು ತೋರಿಸಿ ಸಭೆ ಕರೆಯುವುದಾದರೆ ನಮ್ಮ ಪಟ್ಟದಕಲ್ಲು 1987ರಿಂದಲೇ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಗೋಲಗುಂಬಜ್ ಇನ್ನೂ ತಾತ್ಕಾಲಿಕ ಪಟ್ಟಿಯಲ್ಲೇ ಕೂತಿದೆ. ಸಿಟ್ಟಾಗಬೇಡಿ.

ಪಿಸುಮಾತು_ಗ್ಯಾಲರಿ

ಸಿಟ್ಟು ಬಂತು.

ಜವಾರಿ_ಇಂಜಿನಿಯರ್ (ವಿಜಯಪುರ, ಈಗ ಪುಣೆ)

ವಿಮಾನ ನಿಲ್ದಾಣ ಆಗದೆ ಏನೂ ಆಗಲ್ಲ. ಮದಭಾವಿ ಹತ್ತಿರದ ನಮ್ಮ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಅವತ್ತಿನಿಂದ "ಈ ವರ್ಷ ಹಾರುತ್ತೆ" ಅಂತ ಕೇಳುತ್ತಲೇ ಇದ್ದೀನಿ. ಅಷ್ಟರಲ್ಲಿ ನನ್ನ ಮಗ ಹುಟ್ಟಿ ಎಲ್‌ಕೆಜಿಗೆ ಸೇರಿದ.

ಗುಮ್ಮಟದ_ನೆರಳು

ಇಲ್ಲೇ ನೋಡಿ ಮಜಾ ಇರೋದು. ಗ್ಯೊಂಗ್ಜುನಲ್ಲೂ ವಿಮಾನ ನಿಲ್ದಾಣ ಇಲ್ಲ. ಹೆಚ್ಚಿನ ನಾಯಕರು ಇಳಿದಿದ್ದು ಬುಸಾನ್‌ನ ಗಿಮ್ಹೆ ನಿಲ್ದಾಣದಲ್ಲಿ. ಟ್ರಂಪ್ ಮತ್ತು ಷಿ ಭೇಟಿ ಆಗಿದ್ದೂ ಅಲ್ಲೇ, ಗ್ಯೊಂಗ್ಜುನಲ್ಲಿ ಅಲ್ಲವೇ ಅಲ್ಲ.

ಜವಾರಿ_ಇಂಜಿನಿಯರ್

ಸರಿ, ಒಪ್ಪಿದೆ. ಆದರೆ ಅವರಿಗೆ ವೇಗದ ರೈಲು ಇದೆ. ನಮಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಆ ಗಾಡಿ ಮೇಲೆ ನನಗೂ ಪ್ರೀತಿ ಇದೆ, ಆದರೆ ಅದರಲ್ಲಿ ರಾಷ್ಟ್ರಾಧ್ಯಕ್ಷರನ್ನು ಕೂರಿಸಿದರೆ ಸಭೆ ಮುಗಿದ ಮೇಲೆ ಬಂದು ಇಳಿಯುತ್ತಾರೆ.

ಮುದ್ದೇಬಿಹಾಳ_ಮಾಸ್ತರ (ವಿಜಯಪುರ ಜಿಲ್ಲೆ)

ನಾನು 2017ರಲ್ಲಿ ಹೈದರಾಬಾದ್‌ನಲ್ಲಿ ಅಡುಗೆ ಕಂಟ್ರಾಕ್ಟರ್ ಒಬ್ಬರ ಹತ್ತಿರ ಸೂಪರ್‌ವೈಸರ್ ಆಗಿದ್ದೆ. ಮಾಸ್ತರಿಕೆ ಆಮೇಲೆ ಸಿಕ್ಕಿದ್ದು. ಆ ವರ್ಷ ನವೆಂಬರ್ 28ರಿಂದ 30ರವರೆಗೆ ಅಲ್ಲಿ ಜಾಗತಿಕ ಉದ್ಯಮಿಗಳ ಶೃಂಗಸಭೆ. ಇವಾಂಕಾ ಟ್ರಂಪ್ ಬಂದಿದ್ದರು, ಫಲಕನುಮಾ ಅರಮನೆಯಲ್ಲಿ ಊಟ. ಮೆಟ್ರೊ ರೈಲನ್ನೂ ಅದೇ 28ಕ್ಕೆ ಪ್ರಧಾನಿ ಉದ್ಘಾಟನೆ ಮಾಡಿದರು.

ನಮಗೆ ಸಿಕ್ಕಿದ್ದು ಒಂದು ಸಣ್ಣ ಕೆಲಸ, ಬಂದೋಬಸ್ತಿನಲ್ಲಿದ್ದ ಸಿಬ್ಬಂದಿಗೆ ಊಟ ಕೊಡುವುದು. ಬೆಳಗಿನ ಜಾವ ಮೂರಕ್ಕೆ ಅಡುಗೆ ಶುರು. ಐದಕ್ಕೆ ಗಾಡಿ ಬಿಟ್ಟರೆ ಎಂಟಾದರೂ ಮೊದಲ ನಾಕಾ ದಾಟುತ್ತಿರಲಿಲ್ಲ. ಪ್ರತಿ ಪಾತ್ರೆ ಮುಚ್ಚಳ ತೆಗೆಯಬೇಕು, ನಾಯಿ ಮೂಸಬೇಕು. ಒಂದು ದಿನ ನಾಯಿ ಸಾಂಬಾರ್ ಪಾತ್ರೆ ಮುಂದೆ ಕೂತು ಏಳಲೇ ಇಲ್ಲ. ನಮ್ಮ ಎದೆ ಧಸಕ್ ಅಂತು. ಹದಿನೈದು ನಿಮಿಷ ಎಲ್ಲರೂ ಕೈ ಮೇಲೆತ್ತಿ ನಿಂತೆವು. ಕೊನೆಗೆ ನೋಡಿದರೆ ಅದಕ್ಕೆ ಹಸಿವಾಗಿತ್ತು ಅಷ್ಟೇ.

ನಗುವ ಮಾತು ಹಾಗಿರಲಿ. ಸಭೆಗೆ ಮುಂಚೆ ಊರಲ್ಲಿ ಎರಡು ತಿಂಗಳು ಭಿಕ್ಷೆ ಬೇಡುವುದನ್ನೇ ನಿಷೇಧ ಮಾಡಿ ಆದೇಶ ಹೊರಡಿಸಿದರು. ಬೇಡುವವರನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಪುನರ್ವಸತಿ ಕೇಂದ್ರಕ್ಕೆ ಬಿಟ್ಟರು. ನಮ್ಮ ಅಡುಗೆ ಶೆಡ್ಡಿನ ಹಿಂದೆ ಒಬ್ಬ ಅಜ್ಜ ದಿನಾ ಬಂದು ಉಳಿದ ಅನ್ನ ತಗೊಂಡು ಹೋಗುತ್ತಿದ್ದ. ತನ್ನದೇ ಅಲ್ಯುಮಿನಿಯಂ ಡಬ್ಬಿ ತರುತ್ತಿದ್ದ, ಅದಕ್ಕೆ ತಂತಿ ಹಿಡಿಕೆ ಕಟ್ಟಿಕೊಂಡಿದ್ದ. ಆ ವಾರ ಡಬ್ಬಿ ಮಾತ್ರ ಗೋಡೆ ಮೇಲಿತ್ತು.

ಶಹಾಪುರ_ಪೇಟೆ

ದೆಹಲಿಯಲ್ಲೂ ಅದೇ ಕಥೆ. ಜಿ20 ಮುಂಚೆ ಜೋಪಡಿಗಳ ಮುಂದೆ ಹಸಿರು ಪರದೆ ಕಟ್ಟಿದರು. ಕೋತಿಗಳನ್ನು ಓಡಿಸಲು ಲಂಗೂರ್ ಚಿತ್ರದ ಕಟೌಟ್ ನಿಲ್ಲಿಸಿದರು. ಅವರ ದೂರದೃಷ್ಟಿ ಮೆಚ್ಚಬೇಕು. ಚೀನಾದ ಹಾಂಗ್‌ಝೌನಲ್ಲಿ 2016ರ ಜಿ20 ಆದಾಗಂತೂ ಊರಿನವರಿಗೆ ರಜೆ ಕೊಟ್ಟು, "ಹೊರಗೆಲ್ಲಾದರೂ ಸುತ್ತಾಡಿ ಬನ್ನಿ" ಅಂದರು. ಸುತ್ತಲಿನ ಕಾರ್ಖಾನೆಗಳೂ ಬಂದ್. ಊರು ಚೆಂದ ಕಾಣಬೇಕಾದರೆ ಊರಿನವರು ಇರಬಾರದು ಅಂತ ಲೆಕ್ಕ.

ಕರದಂಟು_ಪ್ರೇಮಿ

ನಮಗೂ ರಜೆ ಕೊಟ್ಟರೆ ನಾನು ಈಗಲೇ ಒಪ್ಪಿದೆ. ಗೋವಾಕ್ಕೆ ಹೋಗಿ ಬರ್ತೀನಿ.

ರೊಟ್ಟಿ_ಬಡಿಯುವಾಕೆ (ವಿಜಯಪುರ)

ಎಲ್ಲರೂ ನಮ್ಮೂರಿಗೆ ತಾಕತ್ತಿಲ್ಲ ಅನ್ನುತ್ತೀರಲ್ಲ, 2023ರ ಜನವರಿ ಮರೆತುಬಿಟ್ಟಿರಾ?

ಜನವರಿ 2ರಂದು ಸಿದ್ಧೇಶ್ವರ ಅಪ್ಪಾವರು ಲಿಂಗೈಕ್ಯರಾದರು. ಮರುದಿನ ಸೈನಿಕ ಶಾಲೆ ಮೈದಾನದಲ್ಲಿ ದರ್ಶನಕ್ಕೆ ಇಟ್ಟಿದ್ದರು. ಲಕ್ಷ ಲಕ್ಷ ಜನ ಬಂದರು. ಯಾರು ಆಮಂತ್ರಣ ಕೊಟ್ಟಿದ್ದರು? ಯಾರು ಹದಿನಾರು ತಿಂಗಳು ತಯಾರಿ ಮಾಡಿದ್ದರು? ಒಂದು ರಾತ್ರಿ ಸಿಕ್ಕಿದ್ದು ನಮಗೆ.

ನಮ್ಮ ಓಣಿಯಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬರು ಬಾಗಿಲು ಬಡಿದು "ಅಕ್ಕಾರ, ಎಷ್ಟು ರವಾ ಐತಿ ಮನ್ಯಾಗ?" ಅಂತ ಕೇಳಿದರು. ಅಷ್ಟೇ. ಇದ್ದಬದ್ದ ರವೆ ಎಲ್ಲ ಒಂದು ಕಡೆ ಸೇರಿತು. ಮದುವೆ ಮನೆಯಿಂದ ದೊಡ್ಡ ಪಾತ್ರೆ ಬಂದವು. ಬೆಳಗಾಗುವವರೆಗೆ ಉಪ್ಪಿಟ್ಟು ತಿರುವಿದೆವು. ನನ್ನ ಅತ್ತೆಗೆ ಮೊಣಕಾಲು ನೋವು, ನಿಲ್ಲಲಿಕ್ಕೆ ಆಗಲ್ಲ. ಅವರು ಕಟ್ಟೆ ಮೇಲೆ ಕುರ್ಚಿ ಹಾಕಿಕೊಂಡು, ಪಕ್ಕದಲ್ಲಿ ಕೊಡ ಇಟ್ಟುಕೊಂಡು, ಹೋಗುವವರಿಗೆಲ್ಲ ತಂಬಿಗೆಯಲ್ಲಿ ನೀರು ಕೊಟ್ಟರು. ಕೊಡ ಖಾಲಿ ಆದ ಹಾಗೆ ಎದುರು ಮನೆ ಹುಡುಗ ತುಂಬಿಸಿಕೊಡುತ್ತಿದ್ದ. ಸಂಜೆ ಹೊತ್ತಿಗೆ ಅತ್ತೆಯ ಕೈ ಏಳಲಿಲ್ಲ, ಊಟ ನಾನೇ ಮಾಡಿಸಿದೆ.

ಹಂಗಾಗಿ ಜನ ಬಂದರೆ ನಮಗೆ ಹೆದರಿಕೆ ಇಲ್ಲ ರೀ.

ಮುದ್ದೇಬಿಹಾಳ_ಮಾಸ್ತರ

ಅಕ್ಕಾರ, ಆ ದಿನ ನಾನೂ ಬಂದಿದ್ದೆ. ಎಲ್ಲಿ ನಿಂತರೂ ಯಾರೋ ಕೈಗೆ ತಟ್ಟೆ ಕೊಡುತ್ತಿದ್ದರು. ನಿಮ್ಮ ಉಪ್ಪಿಟ್ಟೇ ತಿಂದಿದ್ದೆನೋ ಏನೋ.

ಬಸ್ತವಾಡ_ಬಸ್‌ಸ್ಟಾಪ್

ಮಾತು ಒಪ್ಪಿದೆ, ಆದರೆ ಎರಡೂ ಒಂದೇ ಅಲ್ಲ. ಅಪ್ಪಾವರ ದರ್ಶನಕ್ಕೆ ಬಂದವರು ನೆಲದ ಮೇಲೆ ಕೂತು ಉಂಡರು, ಮರದ ಕೆಳಗೆ ಮಲಗಿದರು. ಶೃಂಗಸಭೆಗೆ ಬರುವವರಿಗೆ ನಿಮ್ಮ ಅತ್ತೆ ತಂಬಿಗೆಯಲ್ಲಿ ನೀರು ಕೊಟ್ಟರೆ ಅವರ ಸೆಕ್ಯುರಿಟಿಯವರು ಅತ್ತೆಯನ್ನೇ ಎತ್ತಿಕೊಂಡು ಹೋಗುತ್ತಾರೆ.

ರೊಟ್ಟಿ_ಬಡಿಯುವಾಕೆ

ನಮ್ಮತ್ತೆಯನ್ನು ಎತ್ತುವವರು ಇನ್ನೂ ಹುಟ್ಟಿಲ್ಲ. ಅದು ಬಿಡಿ. ಅವರಿಗೂ ಜನವೇ ಬೇಡ ಅಂದಮೇಲೆ ನಮ್ಮೂರಿಗೆ ಯಾಕೆ ಬರಬೇಕು? ಬಯಲಲ್ಲಿ ಒಂದು ಟೆಂಟ್ ಹಾಕಿಕೊಳ್ಳಲಿ.

ಗುಮ್ಮಟದ_ನೆರಳು

ಅಕ್ಕಾರ ಹೇಳಿದ್ದು ಸರಿ ಇದೆ, ಆದರೂ ನನಗೆ ಬೇರೆ ಆಸೆ. ಯಾರಾದರೂ ಬರುತ್ತಾರೆ ಅಂದರೆ ಕೆಲಸ ಆಗುತ್ತೆ. ಮನೆಗೆ ಬೀಗರು ಬರ್ತಾರೆ ಅಂದಾಗಲೇ ಅಲ್ವಾ ನಾವು ಸುಣ್ಣ ಬಳಿಯೋದು?

ಟಿಳಕವಾಡಿ_ಅಜ್ಜ (ಬೆಳಗಾವಿ)

ಸುಣ್ಣದ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ಟೈಪ್ ಮಾಡುವುದು ಮೊಮ್ಮಗಳು, ತಪ್ಪಿದ್ದರೆ ಅವಳದು.

ನಮ್ಮೂರಿಗೆ ಮೂರು ಸಲ ದೊಡ್ಡ ಬೀಗರು ಬಂದರು. ಮೊದಲನೆಯದು 1924ರ ಡಿಸೆಂಬರ್, ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ನಡೆಸಿದರು. ಟಿಳಕವಾಡಿ ಆಗ ಬಯಲು. ಅಲ್ಲಿ ಬಿಡಾರಗಳ ಒಂದು ಊರನ್ನೇ ಎಬ್ಬಿಸಿ ವಿಜಯನಗರ ಅಂತ ಹೆಸರಿಟ್ಟರು. ಬಂದವರಿಗೆ ನೀರು ಬೇಕಲ್ಲ, ಅದಕ್ಕೊಂದು ಬಾವಿ ತೋಡಿಸಿದರು. ಅಧಿವೇಶನ ಮುಗೀತು, ಬಿಡಾರ ಕಿತ್ತರು, ಬಾವಿ ಉಳೀತು. ಕಾಂಗ್ರೆಸ್ ಬಾವಿ ಅಂತ ಇವತ್ತಿಗೂ ಇದೆ.

ಎರಡನೆಯದು 2011ರ ಮಾರ್ಚ್, ವಿಶ್ವ ಕನ್ನಡ ಸಮ್ಮೇಳನ. ನಾರಾಯಣಮೂರ್ತಿಯವರು ಉದ್ಘಾಟಿಸಿದರು. ಐಶ್ವರ್ಯಾ ರೈ ಬಂದಿದ್ದರು. ಜನ ಯಾರನ್ನು ನೋಡಲು ನುಗ್ಗಿದರು ಅಂತ ಹೇಳಬೇಕಿಲ್ಲ.

ಮೂರನೆಯದು 2024ರ ಡಿಸೆಂಬರ್, ಆ ಗಾಂಧಿ ಅಧಿವೇಶನದ ನೂರನೇ ವರ್ಷ. ಊರ ತುಂಬ ಮೈಸೂರು ದಸರಾ ತರಹ ದೀಪ. ನಾನೂ ಮೊಮ್ಮಗಳ ಸ್ಕೂಟಿ ಹಿಂದೆ ಕೂತು ನೋಡಿ ಬಂದೆ, ಕಣ್ಣು ತುಂಬಿತು. 26ರ ರಾತ್ರಿ ಮನಮೋಹನ್ ಸಿಂಗ್ ತೀರಿಕೊಂಡರು, ಮರುದಿನದ ಸಮಾವೇಶ ನಿಂತಿತು. ಅದು ನಡೆದದ್ದು ಜನವರಿ 21ಕ್ಕೆ. ಈಗ ನಮ್ಮ ಬೀದಿಯಲ್ಲಿ ಕತ್ತಲೆ. ದೀಪದ ಸರ ಕಟ್ಟಿದ್ದ ತಂತಿ ತುಂಡು ಮಾತ್ರ ನಮ್ಮ ಗೇಟಿನ ಪಕ್ಕದ ಕಂಬದಲ್ಲಿ ಇದೆ, ಅದರ ಮೇಲೆ ಗುಬ್ಬಿ ಕೂರುತ್ತೆ.

ಶಹಾಪುರ_ಪೇಟೆ

ಅಜ್ಜಾರ, ನಾಲ್ಕನೆಯದನ್ನು ಬಿಟ್ಟಿರಲ್ಲ. 2022ರಲ್ಲಿ ಸುವರ್ಣಸೌಧದ ಮುಂದೆ ಶಾವಿಗೆ ಒಣಗಿಸಿದ್ದು! ಅಷ್ಟು ದೊಡ್ಡ ಕಟ್ಟಡ, ಅಷ್ಟು ಚೆಂದ ಬಿಸಿಲು, ಸುಮ್ನೆ ಖಾಲಿ ಬಿದ್ದಿತ್ತು. ದಿನಗೂಲಿ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳು ಶಾವಿಗೆ ಹರವಿದಳು. ಫೋಟೊ ವೈರಲ್ ಆಯ್ತು, ಅವಳ ಕೆಲಸ ಹೋಯ್ತು. ಜನ ಬೈದ ಮೇಲೆ ವಾಪಸ್ ತಗೊಂಡರು. ನನ್ನ ಪ್ರಕಾರ ಆ ಕಟ್ಟಡವನ್ನು ವರ್ಷವಿಡೀ ಹೇಗೆ ಉಪಯೋಗಿಸಬೇಕು ಅಂತ ಹೊಳೆದಿದ್ದು ಅವಳೊಬ್ಬಳಿಗೇ.

ಜವಾರಿ_ಇಂಜಿನಿಯರ್

ಅದೇ ಪ್ರಶ್ನೆ ಗ್ಯೊಂಗ್ಜುಗೂ ಕೇಳಬೇಕು. ಔತಣಕ್ಕೆ ಅಂತ ಅಲ್ಲಿನ ಮ್ಯೂಸಿಯಂ ಅಂಗಳದಲ್ಲಿ ಹೊಸ ಕಟ್ಟಡ ಎಬ್ಬಿಸಿದರು. ಇನ್ನೇನು ಒಂದೂವರೆ ತಿಂಗಳಿಲ್ಲ ಅನ್ನುವಾಗ ಜಾಗ ಸಾಲಲ್ಲ ಅಂತ ಔತಣವನ್ನು ಹೋಟೆಲಿಗೆ ಬದಲಾಯಿಸಿದರು. ಇದನ್ನು ಓದಿದ ಮೇಲೆ ನನಗೆ ಕೊರಿಯಾದವರ ಮೇಲೆ ಪ್ರೀತಿ ಬಂತು. ನಮ್ಮವರೇ ಅನ್ನಿಸಿತು.

ಗುಮ್ಮಟದ_ನೆರಳು

ಹೌದು. ಆದರೂ ಅದೇ ಮ್ಯೂಸಿಯಂನಲ್ಲಿ ಅವರ ಅಧ್ಯಕ್ಷರು ಟ್ರಂಪ್‌ಗೆ ಶಿಲ್ಲಾ ಕಾಲದ ಚಿನ್ನದ ಕಿರೀಟದ ಪ್ರತಿ ಕೊಟ್ಟರು. ಷಿ ಜಿನ್‌ಪಿಂಗ್‌ಗೆ ಕೊಟ್ಟಿದ್ದು ಊರಿನ ತಿಂಡಿ, ಹ್ವಾಂಗ್ನಮ್ ಬ್ರೆಡ್. 1939ರಿಂದ ಅಲ್ಲಿ ಮಾಡುತ್ತಾರಂತೆ, ಒಳಗೆ ಕೆಂಪು ಕಾಳಿನ ಹೂರಣ. ತಮ್ಮ ತಿಂದಿದ್ದಾನೆ. "ಹೋಳಿಗೆಗೆ ಬ್ರೆಡ್ಡಿನ ಅಂಗಿ ಹಾಕಿದ ಹಾಗಿದೆ" ಅಂದ.

ಕರದಂಟು_ಪ್ರೇಮಿ

ನಮ್ಮಲ್ಲಿ ಸಭೆ ಆದರೆ ಕರದಂಟೇ ಕೊಡಬೇಕು. ಅಮೀನಗಡದ್ದು.

ಘಟಪ್ರಭಾ_ದಂಡೆ (ಬೆಳಗಾವಿ ಜಿಲ್ಲೆ)

ಏನಂದ್ರಿ? ಕರದಂಟು ಅಂದರೆ ಗೋಕಾಕ. ಅಮೀನಗಡದ್ದು ಇದೆ, ಇಲ್ಲ ಅನ್ನಲ್ಲ.

ನವನಗರ_ಸೆಕ್ಟರ್

"ಇದೆ, ಇಲ್ಲ ಅನ್ನಲ್ಲ" ಅಂದರೇನ್ರೀ? ಅಮೀನಗಡದ ಕರದಂಟಿನಲ್ಲಿ ಅಂಟು ಹಲ್ಲಿಗೆ ಸಿಗುತ್ತೆ. ಗೋಕಾಕದ್ದು ಬೆಲ್ಲದ ಗಟ್ಟಿ.

ಶಹಾಪುರ_ಪೇಟೆ

ಇಬ್ಬರೂ ಸುಮ್ಮನಿರಿ. ಕುಂದಾ ಕೊಟ್ಟು ಕಳಿಸೋಣ.

ಘಟಪ್ರಭಾ_ದಂಡೆ

ಕುಂದಾ ಚೀನಾ ಮುಟ್ಟುವಷ್ಟರಲ್ಲಿ ಹುಳಿ ಬರುತ್ತೆ. ಕರದಂಟು ತಿಂಗಳುಗಟ್ಟಲೆ ಇರುತ್ತೆ. ವಿದೇಶಾಂಗ ನೀತಿ ಅಂದರೆ ಇದನ್ನೆಲ್ಲ ಯೋಚಿಸಬೇಕು.

ನಿರ್ವಾಹಕ

ಕರದಂಟಿಗೆ ಬೇರೆ ಚರ್ಚೆ ಇದೆ, 214 ಉತ್ತರಗಳು ಇನ್ನೂ ಬಗೆಹರಿದಿಲ್ಲ. ದಯವಿಟ್ಟು ಅಲ್ಲಿ.

ತಾಂಡಾ_ಹುಡುಗಿ (ವಿಜಯಪುರ ಜಿಲ್ಲೆ)

ಹಂಪಿ ಜಿ20 ಬಗ್ಗೆ ಯಾರೂ ಇದನ್ನು ಹೇಳಲಿಲ್ಲ. ಅವತ್ತು ಲಂಬಾಣಿ ಕಸೂತಿಯ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಆಯ್ತು. ಹೊಲಿದವರು ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು. ನಮ್ಮ ತಾಂಡಾದಲ್ಲಿ ಈ ಸುದ್ದಿ ಮೊಬೈಲಿನಲ್ಲಿ ಬಂದ ದಿನ ನನ್ನ ಅಜ್ಜಿ ಪೆಟ್ಟಿಗೆಯಿಂದ ತನ್ನ ಮದುವೆ ಕಾಲದ ಕಾಂಚಳಿ (ಕನ್ನಡಿ ಹಚ್ಚಿದ ರವಿಕೆ) ತೆಗೆದಳು. ಕನ್ನಡಿ ಚೂರು ಎರಡು ಬಿದ್ದಿದ್ದವು. "ಇದನ್ನೂ ಕೇಳಿದ್ದರೆ 1756 ಆಗುತ್ತಿತ್ತು" ಅಂದಳು.

ಅವತ್ತಿನಿಂದ ನನಗೆ ಹೊಲಿಗೆ ಕಲಿಸುತ್ತಿದ್ದಾಳೆ. ಹಾಗಾಗಿ ಇಂಥ ಸಭೆಗಳಿಂದ ಏನೂ ಆಗಲ್ಲ ಅಂತ ನಾನು ಹೇಳಲಾರೆ.

ರೊಟ್ಟಿ_ಬಡಿಯುವಾಕೆ

ಆ ಎರಡು ಕನ್ನಡಿ ಹಚ್ಚಿದಿರಾ ತಂಗಿ?

ತಾಂಡಾ_ಹುಡುಗಿ

ಒಂದು ಹಚ್ಚಿದೆ ಅಕ್ಕಾ. ಸೊಟ್ಟ ಆಗಿದೆ ಅಂತ ಬೈದಳು.

ಅಥಣಿ_ರೋಡ್ (ವಿಜಯಪುರ)

ಎಲ್ಲರೂ ಬಿಲ್ಡಿಂಗು, ತಿಂಡಿ ಅಂತೀರಿ. ಆರ್ಥಿಕ ಶೃಂಗಸಭೆ ರೀ ಅದು, ದುಡ್ಡಿನ ಮಾತಾಡಿ. 2025ರ ಫೆಬ್ರವರಿಯಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಇನ್ವೆಸ್ಟ್ ಕರ್ನಾಟಕ ಆಯ್ತು. 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆ ಅಂತ ಘೋಷಣೆ. ಕೈಗಾರಿಕಾ ಸಚಿವರು ನಮ್ಮ ಜಿಲ್ಲೆಯವರೇ. ಅದನ್ನು ಒಂದು ಸಲ ಇಲ್ಲೇ ಇಡಬಹುದಿತ್ತು. ಸಹಿ ಹಾಕಲು ಬಂದವರು ತಿಕೋಟಾದ ಒಣದ್ರಾಕ್ಷಿ ಶೆಡ್ಡು ನೋಡಿಕೊಂಡು ಹೋಗುತ್ತಿದ್ದರು. ನಮ್ಮಪ್ಪ ದ್ರಾಕ್ಷಿ ಬೆಳೆಗಾರ. ರೇಟು ಕೇಳಲು ಇವತ್ತಿಗೂ ಮಹಾರಾಷ್ಟ್ರದ ತಾಸಗಾಂವ್‌ಗೆ ಫೋನ್ ಮಾಡಬೇಕು. ನನಗೆ ಷಿ ಜಿನ್‌ಪಿಂಗ್ ಬೇಡ, ನಾಲ್ಕು ಜನ ನೆಟ್ಟಗಿನ ಖರೀದಿದಾರರು ಬಂದರೆ ಸಾಕು.

ಟಾಂಗಾ_ಸ್ಟ್ಯಾಂಡ್

ಇಡೀ ಚರ್ಚೆಯಲ್ಲಿ ಮೊದಲ ಉಪಯೋಗದ ಮಾತು.

ಜವಾರಿ_ಇಂಜಿನಿಯರ್

ಫೆಬ್ರವರಿ ಸರಿ. ಏಪ್ರಿಲ್‌ನಲ್ಲಿ ಇಟ್ಟರೆ ಬಂದವರೇ ಒಣದ್ರಾಕ್ಷಿ ಆಗುತ್ತಾರೆ.

ನಾನೂ ಒಂದು ಉಪಯೋಗದ ಮಾತು ಹೇಳಲಾ? ಆದಿಲಶಾಹಿ ಕಾಲದಲ್ಲಿ ಈ ಊರಿಗೆ ಪರ್ಷಿಯಾದಿಂದ ಜನ ಬರುತ್ತಿದ್ದರು, ಯುರೋಪಿನ ವ್ಯಾಪಾರಿಗಳು ಬರುತ್ತಿದ್ದರು. ಅವರಿಗೆಲ್ಲ ನೀರು ಎಲ್ಲಿಂದ? ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ತಂದರು. ಕರೇಜ್ ಅಂತಾರೆ. ಅಲ್ಲಲ್ಲಿ ಬಾವಿ ತರಹ ಬಾಯಿ. 1651ರಲ್ಲಿ ಬೇಗಂ ತಲಾಬ್ ಕಟ್ಟಿ ಅಲ್ಲಿಂದ ಕೊಳವೆ ಹಾಕಿದರು. ದಾರಿಯಲ್ಲಿ ನೀರಿನ ಒತ್ತಡ ತಗ್ಗಿಸಲು ಗಂಜ್ ಅಂತ ಗೋಪುರ. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ಕಾಲೇಜಿನಲ್ಲಿದ್ದಾಗ ನಾವು ನಾಲ್ಕು ಜನ ತೊರವಿ ಹತ್ತಿರ ಅಂಥ ಒಂದು ಬಾಯಿಯೊಳಗೆ ಇಣುಕಿದ್ದೆವು. ಮುಳ್ಳುಕಂಟಿ, ಪ್ಲಾಸ್ಟಿಕ್, ಒಂದು ಹಳೇ ಚಪ್ಪಲಿ. ಗೆಳೆಯ ಕಲ್ಲು ಹಾಕಿದ. ಸ್ವಲ್ಪ ಹೊತ್ತಾದ ಮೇಲೆ ಬುಳಕ್ ಅಂತು. ಒಳಗಿನ್ನೂ ನೀರಿತ್ತು.

ಯಾರಾದರೂ ದೊಡ್ಡವರು ಬರುತ್ತಾರೆ ಅಂತ ಸುಳ್ಳು ಸುದ್ದಿಯಾದರೂ ಹಬ್ಬಿಸಿ ಅದನ್ನು ಸ್ವಚ್ಛ ಮಾಡಿಸಿದರೆ ನಾನಂತೂ ಪುಣೆ ಬಿಟ್ಟು ಬರ್ತೀನಿ.

ಟಿಳಕವಾಡಿ_ಅಜ್ಜ

ಸುಳ್ಳು ಸುದ್ದಿ ಹಬ್ಬಿಸುವ ಉಪಾಯ ಚೆನ್ನಾಗಿದೆ. ನಮ್ಮ ಬೀದಿಗೂ ಯಾರನ್ನಾದರೂ ಕಳಿಸುತ್ತೀರಾ? ಒಂದು ದೀಪ ಸಾಕು. (ಅಜ್ಜ ಇದನ್ನು ಹೇಳಿ ನಗುತ್ತಿದ್ದಾರೆ. ಮೊಮ್ಮಗಳು.)

ಪಿಸುಮಾತು_ಗ್ಯಾಲರಿ

ನಾಳೆ ಬೆಳಿಗ್ಗೆ ಆರಕ್ಕೆ ಗೋಲಗುಂಬಜ್ ಮೇಲೆ ಹತ್ತಿ "ಟ್ರಂಪ್ ಬರ್ತಾರಂತೆ" ಅಂತ ಒಂದು ಸಲ ಹೇಳಿ ಬರ್ತೀನಿ. ಉಳಿದ ಆರು ಸಲ ಅದೇ ಹೇಳುತ್ತೆ.

ಗುಮ್ಮಟದ_ನೆರಳು

ಹತ್ತುವ ಮುಂಚೆ ಮೆಸೇಜ್ ಹಾಕಿ, ನಾನೂ ಬರ್ತೀನಿ. ಕರೇಜ್ ಬಗ್ಗೆ ಇಂಜಿನಿಯರ್ ಸಾಹೇಬರನ್ನು ಇನ್ನೂ ಕೇಳೋದಿದೆ. ರಾತ್ರಿ ಬರೆಯುತ್ತೀನಿ. ಈಗ ನಲ್ಲಿಗೆ ನೀರು ಬಿಟ್ಟರು, ಕೊಡ ತುಂಬಿಸಬೇಕು.

ಟಾಂಗಾ_ಸ್ಟ್ಯಾಂಡ್

ನಿಮ್ಮ ಓಣಿಗೆ ಬಂತಾ? ನಮಗಿನ್ನೂ ಇಲ್ಲ. ಎರಡು ಕೊಡ ಕಳಿಸಲಾ?